ಹಳೆಯ ಪಠ್ಯಪುಸ್ತಕ ಕೊಳ್ಳುವ ಮುನ್ನ ಹಾಳೆ ತಿರುವಿ

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಕಾನೂನು ವಿದ್ಯಾರ್ಥಿನಿಯೊಬ್ಬರು ಅಪರಾಧ ಕಾನೂನಿನ ದಪ್ಪ ಪುಸ್ತಕಕ್ಕೆ ಹಣ ಎಣಿಸುತ್ತಿದ್ದರು. ಪಕ್ಕದಲ್ಲಿದ್ದ ನಾನು ತೆರೆದು ನೋಡಿದರೆ, ಕೊಲೆಗೆ ಇನ್ನೂ ಹಳೆಯ ಕಾನೂನಿನ ಕಲಂ 302! ಅದರ ಕೆಳಗೆ ಹಿಂದಿನ ಓದುಗರು ಎಳೆದ ಕೆಂಪು ಗೆರೆ. ಇಂಥ ಪುಸ್ತಕ ಹೊತ್ತು ಪರೀಕ್ಷೆಗೆ ಕೂತವರನ್ನು ಬಹಳ ಕಂಡಿದ್ದೇನೆ.

ಈಗಿನ ಪಠ್ಯಕ್ರಮದ ಪ್ರತಿ ಜೇಬಿನಲ್ಲಿರಲಿ.

ಅಂಗಡಿಯಲ್ಲಿ ಮೊದಲು ಶೀರ್ಷಿಕೆ ಪುಟದ ಹಿಂಬದಿ ನೋಡಿ. ಎಡವುವುದು ಇಲ್ಲೇ. ಪರಿಷ್ಕೃತ ಆವೃತ್ತಿ ಎಂದರೆ ಒಳಗಿನ ವಿಷಯ ತಿದ್ದಿದ್ದಾರೆ. ಮರುಮುದ್ರಣ ಎಂದರೆ ಹಳೆಯ ಪುಟಗಳನ್ನೇ ಮತ್ತೆ ಅಚ್ಚು ಹಾಕಿದ್ದಾರೆ. ‘ಆವೃತ್ತಿ 2018, ಮರುಮುದ್ರಣ 2024’ ಎಂದಿದ್ದರೆ ನಿಮಗೆ ಸಿಗುವುದು 2018ರ ಕಾನೂನು. ಇಸವಿಯ ಮೇಲೆ ಚೀಟಿ ಅಂಟಿಸಿದ್ದರೆ ಹಾಳೆಯನ್ನು ಬೆಳಕಿಗೆ ಹಿಡಿಯಿರಿ. ಅನುಮಾನ ಉಳಿದರೆ ಮುನ್ನುಡಿಯ ಕೊನೆಯಲ್ಲಿರುವ ದಿನಾಂಕ ಓದಿ.

ಅಪರಾಧ ಕಾನೂನಿಗೆ ಇನ್ನೂ ಒಂದು ಪರೀಕ್ಷೆಯಿದೆ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ (ಐಪಿಸಿ) ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. 511 ಕಲಂಗಳಿದ್ದದ್ದು 358 ಆಗಿವೆ. ಕೊಲೆಯ ಶಿಕ್ಷೆ 103ರಲ್ಲಿ, ವಂಚನೆ 318ರಲ್ಲಿ ಸಿಗಬೇಕು. ಹಳೆಯ ಪುಸ್ತಕದ ಕೊನೆಗೆ ಹೊಸ ಕಲಂಗಳ ಪಟ್ಟಿ ಸೇರಿಸಿದ್ದರೆ ಅದನ್ನು ಕೊಳ್ಳಲೇಬೇಡಿ. ವಿವರಣೆ ಹಳೆಯದೇ ಉಳಿದಿರುತ್ತದೆ. ಆದರೆ ವಕೀಲರು ಹಳೆಯದನ್ನು ರದ್ದಿಗೆ ಹಾಕಬಾರದು. ಆ ದಿನಕ್ಕೆ ಮುಂಚೆ ನಡೆದ ಅಪರಾಧಕ್ಕೆ ದಂಡ ಸಂಹಿತೆಯೇ ಅನ್ವಯಿಸುತ್ತದೆ.

ಬಿ.ಎಡ್. 2015ರಲ್ಲಿ ಎರಡು ವರ್ಷದ ಕೋರ್ಸ್ ಆಯಿತು. ಅದಕ್ಕೂ ಹಿಂದಿನ ಪುಸ್ತಕ ಬೇಡ.

ಸಾಹಿತ್ಯ, ಇತಿಹಾಸದ ಮಾತೇ ಬೇರೆ. ಹಳಗನ್ನಡ ಕಾವ್ಯಕ್ಕೆ ನಾನು ಹುಡುಕುವುದು ಹಳೆಯ ಮುದ್ರಣವನ್ನೇ. ಅಡಿಟಿಪ್ಪಣಿಯಲ್ಲಿ ಪಾಠಾಂತರ (ಬೇರೆ ಬೇರೆ ಹಸ್ತಪ್ರತಿಗಳಲ್ಲಿ ಪದ ಹೇಗೆ ಬದಲಾಗಿದೆ ಎಂಬುದು), ಕೊನೆಯಲ್ಲಿ ಪದಕೋಶ ಇರಬೇಕು. ಇವನ್ನು ಕತ್ತರಿಸಿ ತಂದ ಅಗ್ಗದ ಮುದ್ರಣ ಎಂ.ಎ. ಓದುವವರಿಗೆ ಉಪಯೋಗಕ್ಕೆ ಬಾರದು. ಪ್ರಶ್ನೋತ್ತರದ ಗೈಡುಗಳನ್ನು ಯಾವ ವಿಷಯಕ್ಕೂ ಕೊಳ್ಳಬೇಡಿ. ಜೆರಾಕ್ಸ್ ಪ್ರತಿಯೂ ಬೇಡ, ಅಡಿಟಿಪ್ಪಣಿಯ ಸಣ್ಣಕ್ಷರ ಮಸಿಯ ಕಲೆಯಂತೆ ಕಾಣುತ್ತದೆ.

ಕೊನೆಗೆ ಪುಟಸಂಖ್ಯೆಗಳ ಮೇಲೆ ಕಣ್ಣಾಡಿಸಿ. 192ರ ನಂತರ ನೇರವಾಗಿ 209 ಬಂದರೆ ಒಟ್ಟಿಗೆ ಮಡಚಿ ಸೇರಿಸುವ ಹದಿನಾರು ಪುಟದ ಒಂದು ಕಟ್ಟು (ಫಾರಂ) ಬೈಂಡಿಂಗ್‌ನಲ್ಲೇ ಬಿಟ್ಟುಹೋಗಿದೆ. ನಡುವೆ ಬಿಡಿಸಿ, ಹೊಲಿಗೆಯ ದಾರ ಕಾಣುತ್ತದೆಯೇ ನೋಡಿ. ಬರೀ ಅಂಟು ಹಾಕಿದ ದಪ್ಪ ಪುಸ್ತಕ ವರ್ಷದೊಳಗೆ ಹಾಳೆ ಉದುರಿಸುತ್ತದೆ. ಇಷ್ಟಾದ ಮೇಲೆ ಬೆಲೆ ಕೇಳಿ.