ಹೆಂಡತಿಯ ನೋಟ್‌ಬುಕ್ ಮತ್ತು ನನ್ನ ಪರಿಹಾರದ ಅರ್ಜಿ

ನಾನು ಬಿದ್ದದ್ದು ನನಗೆ ನೆನಪಿಲ್ಲ. ಅದರ ಬಗ್ಗೆ ಇಲ್ಲಿ ಬರೆಯುತ್ತಿರುವುದೆಲ್ಲ ಜೊತೆಯಲ್ಲಿದ್ದ ಹುಡುಗ ಹೇಳಿದ್ದು. ಗೋಡೌನ್‌ನಲ್ಲಿ ಸ್ಟಾಕ್ ಲೆಕ್ಕ ನೋಡುವುದು ನನ್ನ ಕೆಲಸ. ಏಣಿ ಹತ್ತಿ ಮೇಲಿನ ಸಾಲಿನ ಪೆಟ್ಟಿಗೆ ಎಣಿಸುತ್ತಿದ್ದೆನಂತೆ. ಕಾಲು ಜಾರಿತು. ತಲೆ ಮೊದಲು ಕಬ್ಬಿಣದ ಅಂಚಿಗೆ ಬಡಿಯಿತು, ಆಮೇಲೆ ನೆಲಕ್ಕೆ. ಅರ್ಧ ನಿಮಿಷ ಕರೆದರೂ ಓಗೊಡಲಿಲ್ಲವಂತೆ. ಆಮೇಲೆ ಎದ್ದು ಕೂತು, "ಏನೂ ಆಗಿಲ್ಲ, ಎಷ್ಟನೇ ಸಾಲಲ್ಲಿದ್ವಿ?" ಅಂತ ಕೇಳಿದೆನಂತೆ. ಐದು ನಿಮಿಷ ಬಿಟ್ಟು ಮತ್ತೆ ಅದೇ ಪ್ರಶ್ನೆ. ಇನ್ನೂ ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಶಿಫ್ಟ್ ಮುಗಿಯುವವರೆಗೆ ಕೆಲಸ ಮಾಡಿ ಮನೆಗೆ ಹೋದೆ. ನನ್ನ ನೆನಪು ಮತ್ತೆ ಶುರುವಾಗುವುದು ಮನೆ ಬಾಗಿಲಲ್ಲಿ, ಚಪ್ಪಲಿ ಬಿಡುವಾಗ.

ರಕ್ತ ಬಂದಿರಲಿಲ್ಲ. ಮುಂದೆ ಎಲ್ಲ ತೊಂದರೆಗೂ ಅದೇ ಮೂಲ. ಕೈ ಮುರಿದಿದ್ದರೆ ಎಕ್ಸ್‌ರೇ ಇರುತ್ತಿತ್ತು, ಪ್ಲಾಸ್ಟರ್ ಇರುತ್ತಿತ್ತು, ಎದುರಿಗೆ ಕೂತವರು ನೋಡಿ "ಅಯ್ಯೋ" ಅನ್ನುತ್ತಿದ್ದರು. ತಲೆಯೊಳಗಿನ ಪೆಟ್ಟು ಯಾರ ಕಣ್ಣಿಗೂ ಬೀಳುವುದಿಲ್ಲ. ಪೆಟ್ಟು ತಿಂದವನಿಗೇ ಸರಿಯಾಗಿ ಗೊತ್ತಾಗುವುದಿಲ್ಲ.

ನಾನು ಮಾಡಿದ ಮೊದಲ ತಪ್ಪು, ಅವತ್ತೇ ಬರೆದು ಕೊಡದೇ ಇದ್ದದ್ದು. ಮೂರನೇ ದಿನ ತಲೆನೋವು ತಡೆಯಲಾಗದೆ ರಜೆ ಕೇಳುವಾಗ ಮ್ಯಾನೇಜರ್‌ಗೆ ಬಾಯಿಮಾತಲ್ಲಿ ಹೇಳಿದೆ. "ಸರಿ, ರೆಸ್ಟ್ ತಗೊಳ್ಳಿ" ಅಂದರು. ಅಪಘಾತದ ರಿಜಿಸ್ಟರ್‌ನಲ್ಲಿ ಅದು ಸೇರಿದ್ದು ಎರಡು ವಾರದ ಮೇಲೆ, "ತಲೆಗೆ ಸಣ್ಣ ಪೆಟ್ಟು" ಅಂತ.

ಎರಡನೇ ತಪ್ಪು ಇನ್ನೂ ದೊಡ್ಡದು. ಮೊದಲು ನೋಡಿದ ಡಾಕ್ಟರಿಗೆ "ಮೂರು ದಿನದಿಂದ ತಲೆನೋವು" ಅಂದೆ. ಏಣಿಯಿಂದ ಬಿದ್ದೆ ಅಂತ ಹೇಳಿದೆನೋ ಇಲ್ಲವೋ, ದೇವರಿಗೇ ಗೊತ್ತು. ಅವರ ಚೀಟಿಯಲ್ಲಂತೂ ಅದು ಇರಲಿಲ್ಲ. ಪರಿಹಾರದ ಅರ್ಜಿ ನೋಡುವವರು ಎಲ್ಲಕ್ಕಿಂತ ಜಾಸ್ತಿ ನಂಬುವುದು ಈ ಮೊದಲ ಚೀಟಿಯನ್ನು. ಯಾರೂ ಇನ್ನೂ ದುಡ್ಡಿನ ಯೋಚನೆ ಮಾಡದಿದ್ದಾಗ ಬರೆದದ್ದು ಅಲ್ವಾ, ಅದಕ್ಕೆ. ಆ ಚೀಟಿಯಲ್ಲಿ ಇಲ್ಲದ್ದನ್ನು ಆಮೇಲೆ ಹೇಳಿದರೆ ಕಥೆ ಕಟ್ಟಿದ ಹಾಗೆ ಕಾಣುತ್ತದೆ. ಯಾವತ್ತು, ಎಷ್ಟು ಹೊತ್ತಿಗೆ, ಏನು ಕೆಲಸ ಮಾಡುವಾಗ, ಹೇಗೆ ಪೆಟ್ಟಾಯಿತು ಅಂತ ಡಾಕ್ಟರಿಗೆ ಹೇಳಿ, ಅವರು ಅದನ್ನು ಬರೆದರಾ ಅಂತ ನೋಡಿಕೊಂಡೇ ಎದ್ದು ಬನ್ನಿ. ನನ್ನ ಡಾಕ್ಟರು ಹಳೆಯ ಚೀಟಿ ತಿದ್ದಲು ಒಪ್ಪಲಿಲ್ಲ. ಒಪ್ಪದ್ದೇ ಒಳ್ಳೆಯದಾಯಿತು, ತಿದ್ದಿದ ಚೀಟಿ ಇನ್ನೂ ಕೆಟ್ಟದು. ಬದಲಿಗೆ ಹೊಸ ತಾರೀಕು ಹಾಕಿ, ಬಿದ್ದ ವಿಷಯ ಈಗ ತಿಳಿಯಿತು, ಲಕ್ಷಣಗಳು ಅದಕ್ಕೆ ಹೊಂದುತ್ತವೆ ಅಂತ ಬೇರೆ ಪತ್ರ ಕೊಟ್ಟರು.

ಆರನೇ ದಿನ ವಾಂತಿ ಶುರುವಾಗಿ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋದೆವು. (ತಲೆಗೆ ಪೆಟ್ಟಾದ ಮೇಲೆ ಪದೇಪದೇ ವಾಂತಿ, ಏರುತ್ತಾ ಹೋಗುವ ತಲೆನೋವು, ಎಬ್ಬಿಸಿದರೂ ಏಳದಂಥ ಮಂಪರು, ಫಿಟ್ಸ್, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಇವುಗಳಲ್ಲಿ ಒಂದು ಕಂಡರೂ ಆರು ದಿನ ಕಾಯಬೇಡಿ, ತಕ್ಷಣ ಹೋಗಿ.) ಸಿಟಿ ಸ್ಕ್ಯಾನ್ ಆಯಿತು. ನಾರ್ಮಲ್. ಹಾಳೆಯ ಮೂಲೆಯಲ್ಲಿ "ಜಿಸಿಎಸ್ 15/15" ಅಂತ ಬರೆದಿದ್ದರು (ಗ್ಲಾಸ್ಗೋ ಕೋಮಾ ಸ್ಕೇಲ್, ರೋಗಿಯ ಎಚ್ಚರದ ಅಳತೆ). ಪರೀಕ್ಷೆಯಲ್ಲಿ ಪೂರ್ತಿ ಅಂಕ ಬಂದ ಹಾಗೆ ಖುಷಿಪಟ್ಟೆ. ಕೆಲವು ತಿಂಗಳ ಮೇಲೆ ಮಾಲೀಕರ ವಿಮಾ ಕಂಪನಿ ಇದೇ ಹಾಳೆ ತೋರಿಸಿ ನನ್ನ ಪರಿಹಾರದ ಅರ್ಜಿ ತಳ್ಳಿಹಾಕಿತು.

ಆ ಪತ್ರದಲ್ಲಿ ಮೂರು ಕಾರಣ ಇದ್ದವು. ಸಮಯಕ್ಕೆ ಸರಿಯಾಗಿ ತಿಳಿಸಿಲ್ಲ. ಸ್ಕ್ಯಾನ್ ನಾರ್ಮಲ್. ಮೊದಲಿಂದಲೂ ಮೈಗ್ರೇನ್ ಇತ್ತು. ಓದಿ ನಾನೇ ಅನುಮಾನಪಟ್ಟೆ, ನಿಜವಾಗಿಯೂ ನನಗೇನಾದರೂ ಆಗಿದೆಯಾ ಅಂತ.

ಆಗ ಸಿಕ್ಕವರು ಯೂನಿಯನ್‌ನ ಹಿರಿಯರೊಬ್ಬರು. ಇಂಥ ಫೈಲುಗಳನ್ನು ನೋಡಿ ನೋಡಿ ಕೂದಲು ಬೆಳ್ಳಗಾದವರು. ಅವರು ಕೇಳಿದ ಮೊದಲ ಪ್ರಶ್ನೆ, "ಮನೆಯಲ್ಲಿ ಬರೆಯೋಕೆ ಯಾರಿದ್ದಾರೆ?" ನನಗೆ ಅರ್ಥವಾಗಲಿಲ್ಲ. "ತಲೆಗೆ ಪೆಟ್ಟು ಬಿದ್ದವನು ತನ್ನ ಕೇಸಿಗೆ ತಾನೇ ಸಾಕ್ಷಿ ಆಗೋಕೆ ಆಗಲ್ಲಪ್ಪ. ನಿನಗೆ ಏನು ಮರೆತಿದೆ ಅನ್ನೋದು ನಿನಗೆ ಹೇಗೆ ಗೊತ್ತಾಗುತ್ತೆ? ಹೆಂಡತಿಗೆ ಹೇಳು, ದಿನಾ ಬರೆಯಲಿ" ಅಂದರು.

ಅವರಿಂದಲೇ ಕಾನೂನಿನ ತಳಹದಿಯೂ ತಿಳಿಯಿತು. ನಾನು ಅಲ್ಲಿಯವರೆಗೆ, ಕಾಲು ಜಾರಿದ್ದು ನನ್ನದೇ ತಪ್ಪು, ನನಗೇನು ಕೊಡುತ್ತಾರೆ ಅಂದುಕೊಂಡಿದ್ದೆ. ಆದರೆ ಕಾರ್ಮಿಕ ಪರಿಹಾರದಲ್ಲಿ ಸಾಮಾನ್ಯವಾಗಿ ತಪ್ಪು ಯಾರದು ಅಂತ ಕೇಳುವುದೇ ಇಲ್ಲ. 1884ರಲ್ಲಿ ಜರ್ಮನಿ ಅಪಘಾತ ವಿಮೆಯ ಕಾನೂನು ತಂದಿತು, 1897ರಲ್ಲಿ ಬ್ರಿಟನ್, 1923ರಲ್ಲಿ ಭಾರತ ತಮ್ಮ ತಮ್ಮ ಪರಿಹಾರ ಕಾನೂನು ಮಾಡಿದವು. ಒಳಗಿನ ಒಪ್ಪಂದ ಹೆಚ್ಚುಕಡಿಮೆ ಒಂದೇ. ಮಾಲೀಕನ ತಪ್ಪು ಸಾಬೀತು ಮಾಡುವ ಹೊರೆ ಕಾರ್ಮಿಕನಿಗಿಲ್ಲ. ಅದಕ್ಕೆ ಬದಲಾಗಿ ಸಿಗುವುದು ಚಿಕಿತ್ಸೆ ಮತ್ತು ಹೋದ ಸಂಬಳದ ಒಂದು ಪಾಲು. ಪಟ್ಟ ಸಂಕಟಕ್ಕೆ ಬೇರೆ ದುಡ್ಡು ಸಾಮಾನ್ಯವಾಗಿ ಇಲ್ಲ. ಕುಡಿದಿದ್ದರೆ, ಬೇಕಂತಲೇ ಸುರಕ್ಷತೆಯ ನಿಯಮ ಮುರಿದಿದ್ದರೆ ಮಾತು ಬೇರೆ. ಸುಮ್ನೆ ಕಾಲು ಜಾರುವುದು ಅದರಲ್ಲಿ ಬರುವುದಿಲ್ಲ.

ಸಾಬೀತು ಮಾಡಬೇಕಾದ್ದು ಎರಡು: ಗಾಯ ಕೆಲಸದ ಅವಧಿಯಲ್ಲಿ ಆಯಿತು, ಕೆಲಸದ ಕಾರಣದಿಂದ ಆಯಿತು. ಬ್ರಿಟನ್ನಿನ ಆ ಕಾನೂನಿನಲ್ಲಿದ್ದ ಈ ಜೋಡಿ ಮಾತು ಎಷ್ಟೋ ದೇಶಗಳ ಕಾನೂನಿಗೆ ಹಾಗೇ ನಡೆದು ಬಂದಿದೆ. ಕೆಲಸದ ಹೊತ್ತಲ್ಲಿ ಹೃದಯಾಘಾತವಾದರೆ ಮೊದಲನೆಯದು ಇರುತ್ತದೆ, ಎರಡನೆಯದಕ್ಕೆ ಜಗಳ. ನನ್ನ ವಿಷಯದಲ್ಲಿ ಎರಡೂ ಸುಲಭ, ಏಣಿ ಹತ್ತಿದ್ದೇ ಪೆಟ್ಟಿಗೆ ಎಣಿಸಲು. ಕಷ್ಟವಾಗಿದ್ದು ಗಾಯ ಇದೆ ಅಂತ ತೋರಿಸುವುದು.

15/15 ಅಂದರೆ ಏನು ಅಂತ ನರರೋಗದ ಡಾಕ್ಟರು ಬಿಡಿಸಿ ಹೇಳಿದರು. 1974ರಲ್ಲಿ ಗ್ಲಾಸ್ಗೋದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ ಎಂಬ ಇಬ್ಬರು ಡಾಕ್ಟರು ಮಾಡಿದ ಅಳತೆ ಅದು. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲು ಆಡಿಸುವುದಕ್ಕೆ 6, ಒಟ್ಟು 15. ಏನೂ ಇಲ್ಲದಿದ್ದರೂ 3. ರೋಗಿ ಎಷ್ಟು ಎಚ್ಚರವಾಗಿದ್ದಾನೆ ಅನ್ನುವುದನ್ನಷ್ಟೇ ಅದು ಅಳೆಯುತ್ತದೆ. ನಿನ್ನೆ ಕೇಳಿದ್ದು ಇವತ್ತು ನೆನಪಿದೆಯಾ, ಸಣ್ಣ ಮಾತಿಗೆ ರೇಗುತ್ತಾನಾ, ಲೆಕ್ಕ ಮಾಡಬಲ್ಲನಾ, ಇದ್ಯಾವುದೂ ಅದರಲ್ಲಿ ಇಲ್ಲ. ಸಿಟಿ ಸ್ಕ್ಯಾನ್ ಕೂಡ ಹಾಗೇ. ರಕ್ತಸ್ರಾವ, ಮೂಳೆ ಬಿರುಕು, ದೊಡ್ಡ ಬಾವು ಕಂಡುಹಿಡಿಯಲು ಒಳ್ಳೆಯ ಯಂತ್ರ. ನರತಂತುಗಳು ಎಳೆದಾಡಿ ಕೆಟ್ಟದ್ದು ಅದಕ್ಕೆ ಎಷ್ಟೋ ಸಲ ಕಾಣುವುದೇ ಇಲ್ಲ.

ಡಾಕ್ಟರಿಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಹುಡುಗನ ಮಾತು. "ಅಣ್ಣ ಒಂದೇ ಪ್ರಶ್ನೆ ಮೂರು ಸಲ ಕೇಳಿದರು ಸಾರ್" ಅಂದಿದ್ದ. ಪೆಟ್ಟಾದ ಮೇಲೆ ಹೊಸ ನೆನಪು ಕೂಡದೇ ಇರುವ ಹೊತ್ತು ಅದು. ಎದ್ದು ಓಡಾಡುತ್ತಿದ್ದರೂ ಮೆದುಳು ಬರೆದುಕೊಳ್ಳುತ್ತಿರಲಿಲ್ಲ. ಆ ಹೊತ್ತು ಎಷ್ಟು ಉದ್ದ ಅನ್ನುವುದು ಪೆಟ್ಟಿನ ಅಳತೆಗಳಲ್ಲಿ ಒಂದು. ನನ್ನದು ಮನೆ ಬಾಗಿಲವರೆಗೆ, ಅಂದರೆ ಸುಮಾರು ಐದು ಗಂಟೆ. ವೈದ್ಯರ ಲೆಕ್ಕದಲ್ಲಿ ಇದು "ಮೈಲ್ಡ್". ಈ ಪದದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಪೆಟ್ಟಾದ ಹೊತ್ತಿನ ಸ್ಥಿತಿಗೆ ಇಟ್ಟ ಹೆಸರು ಅದು, ಆಮೇಲಿನ ಬದುಕಿಗಲ್ಲ. ಹೆಚ್ಚಿನವರು ಕೆಲವು ವಾರ ಅಥವಾ ತಿಂಗಳಲ್ಲಿ ಚೇತರಿಸಿಕೊಳ್ಳುತ್ತಾರೆ, ನಿಜ. ಎಲ್ಲರೂ ಅಲ್ಲ. ವಿಮಾ ಕಂಪನಿಯವರು ಮಾತ್ರ ಅದನ್ನು "ಸಣ್ಣದು" ಅಂತ ಓದಿಕೊಂಡರು.

ಹುಡುಗನ ಹೇಳಿಕೆಯನ್ನು ಆ ವಾರವೇ ಬರೆಸಿ ಸಹಿ ಹಾಕಿಸಿದೆವು. ಮೂರು ತಿಂಗಳ ಮೇಲೆ ಅವನು ಬೇರೆ ಕಡೆ ಕೆಲಸಕ್ಕೆ ಹೋದ. ಅಷ್ಟರಲ್ಲಿ ಬರೆಸದಿದ್ದರೆ ಮುಗಿಯಿತು.

ಇನ್ನು ನೋಟ್‌ಬುಕ್. ಮೊದಮೊದಲು ಅವಳು "ಇವತ್ತು ಸುಸ್ತು", "ಇವತ್ತು ಪರವಾಗಿಲ್ಲ" ಅಂತ ಬರೆಯುತ್ತಿದ್ದಳು. ಹಿರಿಯರು ನೋಡಿ ಇದು ಬೇಡ ಅಂದರು. ನಡೆದದ್ದನ್ನು ಬರೆಯಮ್ಮ, ಅನಿಸಿದ್ದನ್ನಲ್ಲ. ಆಮೇಲಿನ ಪುಟಗಳು ಹೀಗಿವೆ: "ಬಿಲ್ ಕಟ್ಟಲು ಹೋದವರು ಕಟ್ಟದೆ ಬಂದರು, ಕಟ್ಟಿದೆ ಅಂದರು." "ಟಿವಿ ಶಬ್ದಕ್ಕೆ ಮಗಳ ಮೇಲೆ ಕೂಗಾಡಿದರು. ಹದಿನಾಲ್ಕು ವರ್ಷದಲ್ಲಿ ಇದೇ ಮೊದಲು." "ಕತ್ತರಿ ಅನ್ನುವ ಪದ ಸಿಗಲಿಲ್ಲ, ಬೆರಳಲ್ಲಿ ತೋರಿಸಿದರು." "ಒಲೆಯ ಮೇಲಿನ ಪಾತ್ರೆ ಸೀದು ಹೊಗೆ ತುಂಬಿತ್ತು, ಪಕ್ಕದಲ್ಲೇ ಕೂತಿದ್ದರು, ಗೊತ್ತಾಗಲಿಲ್ಲ."

ಕೊನೆಯ ಸಾಲು ಓದಿದಾಗ ಡಾಕ್ಟರು ತಲೆ ಎತ್ತಿದರು. ವಾಸನೆ ಬರುವುದಿಲ್ಲವಾ? ನಾನು ಗಮನಿಸಿಯೇ ಇರಲಿಲ್ಲ. ಮೂಗಿನಿಂದ ಮೆದುಳಿಗೆ ಹೋಗುವ ತೆಳು ನರಗಳು ಮೂಳೆಯ ಸಣ್ಣ ತೂತುಗಳ ಮೂಲಕ ಹಾದು ಹೋಗುತ್ತವೆ. ತಲೆ ಜೋರಾಗಿ ಕುಲುಕಿದಾಗ ಅವು ಹರಿದು ಹೋಗಬಹುದು. ಪರೀಕ್ಷೆ ಮಾಡಿದರು, ವಾಸನೆ ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ಮೈಗ್ರೇನ್‌ನಿಂದ ಹೀಗೆ ವಾಸನೆ ಹೋಗುವುದಿಲ್ಲ ಅಂತ ಬರೆದು ಕೊಟ್ಟರು. ಕಂಪನಿಯ ಮೂರನೇ ಕಾರಣದ ಅರ್ಧ ಬಲ ಅಲ್ಲೇ ಹೋಯಿತು. ಉಳಿದರ್ಧಕ್ಕೆ ಹಳೆಯ ಡಾಕ್ಟರಿಂದ ದಾಖಲೆ ತಂದೆವು: ಮೊದಲು ವರ್ಷಕ್ಕೆ ಎರಡು ಮೂರು ಸಲ ಬರುತ್ತಿದ್ದ ತಲೆನೋವು ಈಗ ವಾರಕ್ಕೆ ನಾಲ್ಕು ದಿನ. ಹಳೆಯ ಕಾಯಿಲೆ ಇದ್ದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಕೆಲಸದ ಗಾಯ ಅದನ್ನು ಜಾಸ್ತಿ ಮಾಡಿದ್ದರೆ ಆ ಜಾಸ್ತಿಯಾದ ಭಾಗವನ್ನು ಕೇಳಬಹುದು. ಹಳೆಯದನ್ನು ಮುಚ್ಚಿಟ್ಟರೆ ಮಾತ್ರ ಕೆಟ್ಟೆವು.

ಆಮೇಲೆ ನ್ಯೂರೋಸೈಕಾಲಜಿ ಪರೀಕ್ಷೆ. ಹಲವು ಗಂಟೆಗಳ ಕೆಲಸ. ಪದಗಳ ಪಟ್ಟಿ ಓದುತ್ತಾರೆ, ಹೇಳಬೇಕು. ಅರ್ಧ ಗಂಟೆ ಬಿಟ್ಟು ಮತ್ತೆ ಕೇಳುತ್ತಾರೆ. ಅಂಕಿಗಳನ್ನು ಹಿಂದುಮುಂದಾಗಿ ಹೇಳಿಸುತ್ತಾರೆ. ಮಧ್ಯದಲ್ಲಿ ಕೆಲವು ಪರೀಕ್ಷೆ ನೋಡಲು ಕಷ್ಟ, ಮಾಡಲು ಬಹಳ ಸುಲಭ. ಬೇಕಂತ ತಪ್ಪು ಮಾಡುವವರನ್ನು ಹಿಡಿಯಲು ಅವನ್ನು ಇಟ್ಟಿರುತ್ತಾರೆ. ಹಾಗಾಗಿ ನಾಟಕ ಬೇಡ, ಹೀರೋಗಿರಿಯೂ ಬೇಡ. ನಾನು ಎರಡನೇ ಗಂಟೆಗೆ ಸೋತು ತಲೆ ಮೇಜಿನ ಮೇಲಿಟ್ಟೆ. ಅದನ್ನೂ ವರದಿಯಲ್ಲಿ ಬರೆದಿದ್ದರು.

ವಿಮಾ ಕಂಪನಿಯವರೂ ತಮ್ಮ ಡಾಕ್ಟರ್ ಹತ್ತಿರ ಕಳಿಸಿದರು. ಅಲ್ಲಿ ಇಪ್ಪತ್ತು ನಿಮಿಷ. "ಹೇಗಿದ್ದೀರಿ?" ಅಂದರೆ ಅಭ್ಯಾಸಬಲದಿಂದ "ಚೆನ್ನಾಗಿದ್ದೀನಿ ಸಾರ್" ಅಂತ ಬಾಯಿಗೆ ಬಂತು. ಹೆಂಡತಿ ಪಕ್ಕದಲ್ಲಿ ಕೆಮ್ಮಿದಳು. ಅಂಥ ಕಡೆ ಒಬ್ಬರೇ ಹೋಗಬೇಡಿ.

ಇದೆಲ್ಲ ನಡೆಯುವಾಗ ಎಲ್ಲೋ ಓದಿದ ಫಿನಿಯಾಸ್ ಗೇಜ್ ನೆನಪಾಗುತ್ತಿದ್ದ. 1848ರ ಸೆಪ್ಟೆಂಬರ್ 13ರಂದು ಅಮೆರಿಕದ ವರ್ಮಾಂಟ್‌ನಲ್ಲಿ ರೈಲು ದಾರಿಗೆ ಬಂಡೆ ಸಿಡಿಸುವಾಗ ಕಬ್ಬಿಣದ ಸಲಾಕೆ ಅವನ ತಲೆ ತೂರಿ ಹೋಯಿತು. ಬದುಕಿದ. ನಡೆದ, ಮಾತಾಡಿದ. ಅವನ ಡಾಕ್ಟರ್ ಜಾನ್ ಹಾರ್ಲೋ ಬರೆದಿಟ್ಟ ಪ್ರಕಾರ, ಮೊದಲು ಅವನನ್ನು ಅತ್ಯುತ್ತಮ ಮೇಸ್ತ್ರಿ ಅನ್ನುತ್ತಿದ್ದ ಗುತ್ತಿಗೆದಾರರೇ, ಸ್ವಭಾವ ಬದಲಾಗಿದೆ ಅಂತ ಹಳೆಯ ಕೆಲಸ ವಾಪಸ್ ಕೊಡಲಿಲ್ಲ. ಬದಲಾದದ್ದು ತಿಳಿದದ್ದು ಜೊತೆಯವರಿಂದ. ನನಗೆ ಇದರಿಂದ ಒಂದು ಉಪಾಯ ಹೊಳೆಯಿತು. ಗೋಡೌನ್‌ನಿಂದ ನನ್ನ ಹಳೆಯ ಸ್ಟಾಕ್ ಶೀಟುಗಳನ್ನು ಕೇಳಿ ಪಡೆದೆ. ಬೀಳುವ ಮೊದಲಿನ ಆರು ತಿಂಗಳು, ಬಿದ್ದ ಮೇಲಿನ ಆರು ವಾರ. ಮೊದಲಿನವುಗಳಲ್ಲಿ ತಿದ್ದುಪಡಿ ಹುಡುಕಬೇಕು. ಆಮೇಲಿನವುಗಳಲ್ಲಿ ಪ್ರತಿ ಪುಟದಲ್ಲೂ ಕೆಂಪು ಶಾಯಿ. ನನ್ನದೇ ಕೈಬರಹ, ನೋಡಿ ಹೊಟ್ಟೆ ಉರಿಯಿತು. ವಿಚಾರಣೆಯಲ್ಲಿ ಅಧಿಕಾರಿ ಅವನ್ನು ತಿರುವಿ ತಿರುವಿ ನೋಡಿದರು.

ತಡವಾಗಿ ತಿಳಿಸಿದ್ದಕ್ಕೆ ಉತ್ತರವೂ ಗಾಯದಲ್ಲೇ ಇತ್ತು. ಬಿದ್ದದ್ದೇ ನೆನಪಿಲ್ಲದವನು ಹೇಗೆ ತಿಳಿಸುತ್ತಾನೆ? ನ್ಯಾಯವಾದ ಕಾರಣ ಇದ್ದರೆ ತಡವನ್ನು ಮನ್ನಿಸಲು ಇಂಥ ಕಾನೂನುಗಳಲ್ಲಿ ಸಾಮಾನ್ಯವಾಗಿ ಅವಕಾಶ ಇರುತ್ತದೆ. ಹಾಗಂತ ಕಾಯಬೇಡಿ. ಒಂದೊಂದು ಕಡೆ ಒಂದೊಂದು ಗಡುವು, ತಿಳಿಸುವುದಕ್ಕೆ ಬೇರೆ, ಅರ್ಜಿ ಹಾಕುವುದಕ್ಕೆ ಬೇರೆ. ಮೊದಲ ವಾರದಲ್ಲೇ ವಿಚಾರಿಸಿ.

ಅರ್ಜಿ ಒಪ್ಪಿದರು. ಕೆಲಸ ಮಾಡಲಾಗದ ತಿಂಗಳುಗಳಿಗೆ ಸಂಬಳದ ಪಾಲು ಬಂತು. ಆಮೇಲೆ ಅರ್ಧ ದಿನದ ಹಗುರ ಕೆಲಸಕ್ಕೆ ಹೋದಾಗ ವ್ಯತ್ಯಾಸದ ಒಂದು ಭಾಗ. ಇನ್ನು ಜಾಸ್ತಿ ಸುಧಾರಣೆ ಇಲ್ಲ ಅಂತ ಡಾಕ್ಟರು ಬರೆದ ಮೇಲೆ ಕಾಯಂ ನಷ್ಟದ ಶೇಕಡಾ ಲೆಕ್ಕ. ಆ ಹಂತದಲ್ಲಿ ಕಂಪನಿಯಿಂದ ಒಂದೇ ಗಂಟಿನ ಮೊತ್ತದ ಮಾತು ಬಂತು. ಮೊತ್ತ ನೋಡಿ ಆಸೆ ಆಯಿತು, ಸುಳ್ಳು ಹೇಳಲ್ಲ. ಹಿರಿಯರು ಮೂರನೇ ಪುಟ ತೆಗೆದು ತೋರಿಸಿದರು: ಸಹಿ ಹಾಕಿದರೆ ಮುಂದಿನ ಚಿಕಿತ್ಸೆಯ ಖರ್ಚು ಪೂರ್ತಿ ನನ್ನದು. ತಲೆಯ ಗಾಯಕ್ಕೆ ಮುಂದೆ ಫಿಟ್ಸ್ ಬರಬಹುದು, ಖಿನ್ನತೆ ಬರಬಹುದು. ಚಿಕಿತ್ಸೆಯ ಭಾಗ ತೆರೆದೇ ಇರಲಿ ಅಂತ ಕೇಳಿದೆವು. ಮೊತ್ತ ಕಡಿಮೆಯಾಯಿತು. ಒಪ್ಪಿಕೊಂಡೆ.

ಈಗ ದಿನಕ್ಕೆ ಐದು ಗಂಟೆ ಕೆಲಸ, ಏಣಿ ಹತ್ತುವುದಿಲ್ಲ. ಇದನ್ನು ಇಪ್ಪತ್ತಿಪ್ಪತ್ತು ನಿಮಿಷ ಕೂತು ಹನ್ನೊಂದು ದಿನದಲ್ಲಿ ಬರೆದೆ. ನಿನ್ನೆ ಹೆಂಡತಿಗೆ ಓದಲು ಕೊಟ್ಟೆ. ಮೊದಲ ಚೀಟಿಯ ವಿಷಯ ಎರಡು ಕಡೆ ಹೆಚ್ಚುಕಡಿಮೆ ಅದೇ ಮಾತಲ್ಲಿ ಇತ್ತಂತೆ. ಒಂದನ್ನು ಹೊಡೆದು ಹಾಕಿ, ನೋಟ್‌ಬುಕ್ ತೆಗೆದು, ತಾರೀಕು ಹಾಕಿ ಅದನ್ನೂ ಬರೆದುಕೊಂಡಳು.