ಕತ್ತು ತಿರುಗುವ ಮಾದರಿ: ಗೂಟ ನಡುವೆ ಬೇಡ, ಮುಂದಿರಲಿ

ಡೊಂಬಿವಲಿಯ ನಮ್ಮ ಕಟ್ಟಡದ ಮಕ್ಕಳು ವಿಜ್ಞಾನ ಪ್ರದರ್ಶನಕ್ಕೆ ಕತ್ತಿನ ಮೂಳೆ ಮಾಡುವುದು ನೋಡಿದ್ದೇನೆ. ಒಂದೇ ಥರದ ಏಳು ಉಂಡೆ, ನಡುವೆ ಕಡ್ಡಿ. ಅಷ್ಟೂ ಬೇಡ, ಮೇಲಿನ ಎರಡನ್ನು ಸರಿಯಾಗಿ ಮಾಡಿ. ತಲೆ ಆಚೀಚೆ ತಿರುಗುವುದರಲ್ಲಿ ಸುಮಾರು ಅರ್ಧ ಇವೆರಡರ ನಡುವೆಯೇ ಆಗುತ್ತದೆ.

ಗಣಪತಿ ಮಾಡುವ ಶಾಡು ಮಣ್ಣು ತನ್ನಿ. ಬಣ್ಣದ ಕ್ಲೇ ಬೇಡವೇ ಬೇಡ, ಅದು ಗಟ್ಟಿಯಾಗುವುದಿಲ್ಲ, ಗೂಟ ವಾಲಿಬಿಡುತ್ತದೆ.

ಮೊದಲನೆಯದು ಅಟ್ಲಾಸ್. ಬಳೆಯ ಅಳತೆಗೆ ಮಣ್ಣಿನ ಉಂಗುರ ಮಾಡಿ. ಬಳೆಯನ್ನೇ ಒಳಗಿಟ್ಟು ಮೆತ್ತಬೇಡಿ, ಒಣಗುವಾಗ ಮಣ್ಣು ಕುಗ್ಗಿ ಬಿರುಕು ಬಿಡುತ್ತದೆ. ಎರಡೂ ಪಕ್ಕ ದಪ್ಪ ಮಾಡಿ, ಮೇಲೆ ಹೆಬ್ಬೆರಳಿನಿಂದ ತಗ್ಗು ಒತ್ತಿ. ತಲೆಬುರುಡೆ ಕೂರುವುದು ಅಲ್ಲಿ, ನಾವು ಹೂಂ ಎಂದು ತಲೆ ಆಡಿಸುವುದೂ ಅಲ್ಲೇ. ಪಕ್ಕಕ್ಕೊಂದು ತೂತು ಮಾಡಿ, ಮೆದುಳಿಗೆ ರಕ್ತ ಒಯ್ಯುವ ನಾಳಕ್ಕೆ.

ಎರಡನೆಯದು ಆಕ್ಸಿಸ್. ಇದರ ಮೇಲೆ ಒಂದು ಗೂಟ ಎದ್ದಿರುತ್ತದೆ, ಅದರ ಸುತ್ತ ಅಟ್ಲಾಸ್ ತಿರುಗುತ್ತದೆ. ಬೀಸೋಕಲ್ಲು ನೋಡಿದವರಿಗೆ ತಕ್ಷಣ ಹೊಳೆಯುತ್ತದೆ, ಆದರೆ ತಪ್ಪೂ ಅಲ್ಲೇ ಆಗುತ್ತದೆ, ಎಲ್ಲರೂ ಗೂಟವನ್ನು ಉಂಗುರದ ನಟ್ಟನಡುವೆ ನಿಲ್ಲಿಸಿಬಿಡುತ್ತಾರೆ. ಹೋದ ವರ್ಷ ಮೂರನೇ ಮಹಡಿಯ ಹುಡುಗಿ ಹಳದಿ ಉಲ್ಲನ್ ದಾರ ಹಿಡಿದು ಬಂದಳು. "ಆಂಟಿ, ಬೆನ್ನುಹುರಿ ಎಲ್ಲಿಂದ ಹೋಗಬೇಕು?" ಅವಳ ಉಂಗುರದಲ್ಲಿ ಜಾಗವೇ ಉಳಿದಿರಲಿಲ್ಲ.

ಹೀಗೆ ಮಾಡಿ. ಉಂಗುರದ ಒಳಗನ್ನು ಮುಂದಿನಿಂದ ಹಿಂದಕ್ಕೆ ಮೂರು ಪಾಲು ಅಂದುಕೊಳ್ಳಿ. ಒಂದು ಪಾಲು ಗೂಟಕ್ಕೆ, ಅದು ಮುಂದಿನ ಗೋಡೆಗೆ ಅಂಟಿದ ಹಾಗೆ ನಿಲ್ಲಬೇಕು. ಒಂದು ಪಾಲು ಬೆನ್ನುಹುರಿಗೆ. ಇನ್ನೊಂದು ಪಾಲು ಖಾಲಿ, ಹುರಿ ಒತ್ತಿಹೋಗದಿರಲು ಆ ಜಾಗ ಬೇಕೇ ಬೇಕು. ಹುರಿ ಹೋಗಲು ಆಕ್ಸಿಸ್‌ನಲ್ಲೂ ಗೂಟದ ಹಿಂದೆ ದೊಡ್ಡ ತೂತು ಬಿಡಿ.

ಇನ್ನು ಪಟ್ಟಿ. ಗೂಟ ಹಿಂದಕ್ಕೆ ಜಾರದಂತೆ ಒಂದು ಬಲವಾದ ಪಟ್ಟಿ ಅದನ್ನು ಹಿಂದಿನಿಂದ ಅಪ್ಪಿ ಹಿಡಿದಿರುತ್ತದೆ. ಅದು ಹರಿದರೆ ಗೂಟ ನೇರ ಬೆನ್ನುಹುರಿಯನ್ನು ಒತ್ತುತ್ತದೆ, ಜೀವಕ್ಕೇ ಅಪಾಯ. ಇದನ್ನು ಬಿಟ್ಟು ಮಾದರಿ ಮಾಡಿದರೆ ಏನು ಪ್ರಯೋಜನ? ಮಣ್ಣು ಹಸಿಯಿದ್ದಾಗಲೇ, ಗೂಟದ ಬೆನ್ನಿಗೆ ಸರಿಯಾಗಿ, ಉಂಗುರದ ಎರಡೂ ಬದಿ ದಬ್ಬಣದಿಂದ ಆರಪಾರ ತೂತು ಹಾಕಿ. ಒಣಗಿದ ಮೇಲೆ ಉಂಗುರವನ್ನು ಗೂಟದ ಮೇಲಿಂದ ಆಕ್ಸಿಸ್ ಮೇಲೆ ಇಳಿಸಿ, ರಿಬ್ಬನ್ ತೂರಿಸಿ, ಹೊರಗೆ ಗಂಟು ಹಾಕಿ. ರಬ್ಬರ್ ಬ್ಯಾಂಡ್ ಬೇಡ, ನಿಜವಾದ ಪಟ್ಟಿ ಹಾಗೆ ಎಳೆದಾಡುವುದಿಲ್ಲ.

ಒಣಗಿಸುವುದು ನೆರಳಲ್ಲಿ, ಮಳೆಗಾಲವಾದರೆ ಜಾಸ್ತಿ ದಿನ ಬಿಡಿ.

ಉಲ್ಲನ್ ದಾರ ಪೋಣಿಸಿ ಉಂಗುರವನ್ನು ಎರಡೂ ಕಡೆ ಸುಮಾರು 40 ಡಿಗ್ರಿ ತಿರುಗಿಸಿ. ದಾರ ಎಲ್ಲೂ ಸಿಕ್ಕಿಕೊಳ್ಳಬಾರದು. ಸಿಕ್ಕಿಕೊಂಡರೆ ಗೂಟವನ್ನು ಉಪ್ಪುಕಾಗದದಿಂದ ಹಿಂದಿನಿಂದ ಸ್ವಲ್ಪ ಸ್ವಲ್ಪವೇ ತೀಡಿ.