ಕೊನೆಗೂ ಪ್ಲಗ್ ಬೂಟ್ ಉಳಿಸಿದ್ದು ಎರಡು ತಗಡು

ಮೂರು ಸೀಸನ್ ನನ್ನ ಗಾಡಿ ಒಂದೇ ರೀತಿ ಕೈ ಕೊಟ್ಟಿತು. ಕೊಡಗಿನ ಗೋಣಿಕೊಪ್ಪ ಕಡೆ ಕೊಯ್ಲಾದ ಗದ್ದೆಗಳಲ್ಲಿ ಆಟೋಕ್ರಾಸ್ (ಮಣ್ಣಿನ ಟ್ರ್ಯಾಕಿನ ಕಾರ್ ರೇಸ್) ಓಡಿಸುವವರಿಗೆ ಇದು ಗೊತ್ತು. ಮೊದಲ ಎರಡು ಓಟ ಚೆನ್ನಾಗಿರುತ್ತದೆ. ಆಮೇಲೆ ಬಿಸಿಲಲ್ಲಿ ಸಾಲಿನಲ್ಲಿ ನಿಂತು ಕಾಯಬೇಕು. ಮತ್ತೆ ಹೊರಟರೆ 5,000 ಆರ್‌ಪಿಎಂ ಮೇಲೆ ಬರೀ ಮಿಸ್ಸಿಂಗ್, ಅಂದರೆ ಕಿಡಿ ತಪ್ಪಿ ಎಂಜಿನ್ ಮುಗ್ಗರಿಸುತ್ತದೆ. ಪ್ಲಗ್ ಬೂಟ್, ಅಂದರೆ ಸ್ಪಾರ್ಕ್ ಪ್ಲಗ್ ವೈರಿನ ತುದಿಯ ರಬ್ಬರ್ ಟೋಪಿ, ಬೇಯುವುದು ಓಡುವಾಗ ಅಲ್ಲ, ಗಾಳಿ ಇಲ್ಲದೆ ನಿಂತಾಗ. ಇದು ತಲೆಗೆ ಹೋಗಲು ನನಗೆ ಎರಡು ವರ್ಷ ಬೇಕಾಯಿತು.

ನನ್ನದು ಹಳೆಯ 1.3 ಲೀಟರ್ ಕಾರ್ಬುರೇಟರ್ ಗಾಡಿ. ಹೆಡರ್, ಅಂದರೆ ಎಂಜಿನ್ನಿನಿಂದ ಬಿಸಿ ಹೊಗೆ ಹೊರಬರುವ ಪೈಪುಗಳ ಜೋಡಣೆ, ಇಲ್ಲೇ ಮಾಡಿಸಿದ್ದು. ಮೂರನೇ ಪೈಪು ಪ್ಲಗ್ ಬೂಟಿಗೆ ಒಂದೇ ಬೆರಳು ದೂರ. ಮೆಕ್ಯಾನಿಕ್ ವೇಪರ್ ಲಾಕ್ (ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಹರಿವು ನಿಲ್ಲುವುದು) ಎಂದರು. ಗಾಡಿಯ ಪೆಟ್ರೋಲ್ ಪಂಪ್ ಬದಲಾಯಿಸಿದೆ, ಸುಮಾರು 3,000 ರೂಪಾಯಿ ಹೋಯಿತು. ಏನೂ ಸರಿಹೋಗಲಿಲ್ಲ. ಒಂದು ರಾತ್ರಿ ಶೆಡ್ಡಿನ ದೀಪ ಆರಿಸಿ, ಬಿಸಿ ಎಂಜಿನ್ ಓಡುತ್ತಿದ್ದಾಗ ವೈರುಗಳ ಮೇಲೆ ಸ್ವಲ್ಪ ನೀರು ಚಿಮುಕಿಸಿದೆ. ಮೂರನೇ ಬೂಟಿನಿಂದ ಹೆಡ್ಡಿಗೆ ನೀಲಿ ಕಿಡಿ ಹಾರುತ್ತಿತ್ತು!

ಮೊದಲು ಹೆಡರಿಗೆ ವ್ರ್ಯಾಪ್ (ಬಿಸಿ ತಡೆಯುವ ಪಟ್ಟಿ) ಸುತ್ತಿದೆ, 2,500 ಹತ್ತಿರ. ಆ ಸೀಸನ್ ಚೆನ್ನಾಗಿತ್ತು. ಆದರೆ ನಮ್ಮ ಮಳೆಗಾಲ ಗೊತ್ತಲ್ವಾ, ಜೂನಿನಲ್ಲಿ ನೆನೆದ ವ್ರ್ಯಾಪ್ ಸೆಪ್ಟೆಂಬರ್‌ವರೆಗೂ ಒಣಗಲಿಲ್ಲ. ಬಿಚ್ಚಿದಾಗ ಫ್ಲೇಂಜ್ (ಪೈಪನ್ನು ಎಂಜಿನ್ನಿಗೆ ಕೂಡಿಸುವ ಪಟ್ಟಿ) ಪಕ್ಕ ಪೈಪು ತುಕ್ಕು ಹಿಡಿದು ತೂತಾಗಿತ್ತು. ಹೊಸ ಪೈಪಿಗೆ ಮತ್ತೆ 6,000. ಆಮೇಲೆ ದಪ್ಪ ಸಿಲಿಕೋನ್ ವೈರ್ ಸೆಟ್, 4,000. ಸಿಲಿಕೋನ್ ತಡೆಯುವುದು 200 ಡಿಗ್ರಿ ಆಸುಪಾಸು, ಹೆಡರ್ 500 ದಾಟುತ್ತದೆ. ನಾಲ್ಕೇ ಓಟಕ್ಕೆ ಬೂಟ್ ಗಟ್ಟಿಯಾಗಿ ಸೀಳಿತು. ಬೂಟಿನ ಮೇಲೆ ಗ್ಲಾಸ್ ಸ್ಲೀವ್ (ಗಾಜಿನ ನಾರಿನ ಕವಚ) ಹಾಕಿದೆ, ಸ್ವಲ್ಪ ವಾಸಿ. ಆದರೆ ಅದು ಆಯಿಲ್ ಹೀರಿಕೊಂಡು ಹೊಗೆ ಬಂತು.

ಇದರ ಮಧ್ಯೆ ಪ್ಲಗ್ಗಿಗೆ ಹೈ ವೋಲ್ಟೇಜ್ ಕೊಡುವ ಕಾಯಿಲ್ ಮೇಲೂ ಅನುಮಾನ ಬಂತು. ಹೇರ್ ಡ್ರೈಯರ್ ಹಿಡಿದು ಕಾಯಿಸಿ ರೆಸಿಸ್ಟೆನ್ಸ್ ಅಳೆದೆ. ತಣ್ಣಗಿದ್ದಾಗ 3 ಓಮ್, ಕಾದಾಗ 3.5 ಹತ್ತಿರ. ಅದನ್ನೂ ಕಿತ್ತು ಹೆಡ್‌ಲೈಟ್ ಹಿಂದೆ ಕೂರಿಸಿದೆ.

ಕೆಲಸ ಮಾಡಿದ್ದು ಹೆಡರ್ ಮತ್ತು ಬೂಟಿನ ನಡುವೆ ನಿಲ್ಲಿಸಿದ ಎರಡು ಪದರ ಅಲ್ಯೂಮಿನಿಯಂ ತಗಡು. 1 ಎಂಎಂ ದಪ್ಪ, ನಡುವೆ 5-6 ಎಂಎಂ ಸಂದು, ಮೇಲೆ ಕೆಳಗೆ ಎರಡೂ ಕಡೆ ಬಾಯಿ ತೆರೆದಿದೆ. ಹೆಡರ್ ಸ್ಟಡ್ಡಿಗೆ (ಹೆಡರನ್ನು ಬಿಗಿಯುವ ಬೋಲ್ಟಿಗೆ) ಕಟ್ಟಬೇಡಿ, ಸ್ಟಡ್ಡಿನಿಂದಲೇ ಬಿಸಿ ಏರುತ್ತದೆ. ನಾನು ಟ್ಯಾಪೆಟ್ ಕವರ್ (ಎಂಜಿನ್ನಿನ ಮೇಲಿನ ಮುಚ್ಚಳ) ಬೋಲ್ಟಿಗೆ ಕಟ್ಟಿದೆ. "ಬಿಸ್ಕೆಟ್ ಡಬ್ಬ ಕಟ್ಟಿ ರೇಸಿಗೆ ಬಂದ" ಎಂದು ಗೆಳೆಯರು ನಕ್ಕರು. ಜೊತೆಗೆ ರೇಡಿಯೇಟರ್ ಫ್ಯಾನಿಗೆ ಬೇರೆ ಸ್ವಿಚ್ ಕೊಟ್ಟೆ, ಎಂಜಿನ್ ಆಫ್ ಆದ ಮೇಲೂ ಐದು ನಿಮಿಷ ತಿರುಗಲಿ ಅಂತ. ಎಲ್ಲ ಸೇರಿ 1,200 ದಾಟಲಿಲ್ಲ.

ನಿಂತ ಮೇಲೆ ಬೂಟಿನ ಬಿಸಿ ಮೊದಲು 190ರ ಹತ್ತಿರ ಇತ್ತು, ಈಗ 110-115. ಟೆಂಪರೇಚರ್ ಗನ್ ಹೊಳೆಯುವ ತಗಡಿನ ಮೇಲೆ ತಪ್ಪು ತೋರಿಸುತ್ತದೆ. ಅಲ್ಲಿ ಕಪ್ಪು ಟೇಪ್ ಅಂಟಿಸಿ ಅಳೆಯಿರಿ.

ಮೂರನೇ ಸಿಲಿಂಡರ್ ಹತ್ತಿರ ತಗಡನ್ನು ಹೇಗೆ ಬಗ್ಗಿಸಿದೆ, ಬೂಟಿನ ಒಳಗೆ ಏನು ಹಚ್ಚುತ್ತೇನೆ ಎನ್ನುವುದನ್ನು ಸದ್ಯಕ್ಕೆ ಬರೆಯುವುದಿಲ್ಲ. ಅದಕ್ಕೆ ನಾನು ಜಾಸ್ತಿ ದುಡ್ಡು ಸುಟ್ಟಿದ್ದೇನೆ. ಕಳೆದ ಸೀಸನ್ ಒಂದೇ ದಿನ ಆರು ಓಟ ಓಡಿಸಿದೆ, ಒಂದು ಮಿಸ್ಸಿಂಗ್ ಇಲ್ಲ. ಸಂಪಾಜೆ ಘಾಟಿ ಹತ್ತುವಾಗ ಲಾರಿಗಳ ಹಿಂದೆ ಸಿಕ್ಕಿಕೊಂಡಾಗಲೂ ಇಲ್ಲ. ಅದೇ ವೈರ್ ಸೆಟ್ ಈಗ ಎರಡನೇ ವರ್ಷ.

ಒಂದು ಕೆಲಸ ಮಾತ್ರ ತಪ್ಪಿಸುವಂತಿಲ್ಲ. ಗದ್ದೆಯ ಮಣ್ಣು ತಗಡುಗಳ ನಡುವೆ ತುಂಬಿದರೆ ಸಂದು ಮುಚ್ಚಿಹೋಗುತ್ತದೆ. ಓಟದ ದಿನ ಸಂಜೆಯೇ ಬಿಚ್ಚಿ ತೊಳೆಯುತ್ತೇನೆ. ಎರಡು ಬೋಲ್ಟ್, ಹತ್ತು ನಿಮಿಷ.